ತಮ್ಮವರೇ ಚುನಾವಣೆಗೆ ನಿಂತರೂ ಬೆಂಬಲ ಘೋಷಿಸದ ಬಳಗ: ಅಮೆರಿಕದ ಸೊರೊರಿಟಿಗಳ ಲೆಕ್ಕಾಚಾರ ಏನು?

2024ರ ಜುಲೈ 21, ಭಾನುವಾರ. ಜೋ ಬೈಡನ್ ಅಧ್ಯಕ್ಷೀಯ ಸ್ಪರ್ಧೆಯಿಂದ ಹಿಂದೆ ಸರಿದರು. ಬುಧವಾರದ ಹೊತ್ತಿಗೆ ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿ ಕಮಲಾ ಹ್ಯಾರಿಸ್ ಎನ್ನುವುದು ಹೆಚ್ಚುಕಮ್ಮಿ ಖಚಿತವಾಗಿತ್ತು. ಅವತ್ತು ವಾಷಿಂಗ್ಟನ್‌ನಲ್ಲಿ ಇಸ್ರೇಲ್ ಪ್ರಧಾನಿ ನೆತನ್ಯಾಹು ಸಂಸತ್ತಿನ ಜಂಟಿ ಸಭೆಯಲ್ಲಿ ಭಾಷಣ ಮಾಡುವವರಿದ್ದರು. ಅಂಥ ಭಾಷಣದ ವೇಳೆ ಹಿಂದಿನ ಕುರ್ಚಿಯಲ್ಲಿ ಉಪಾಧ್ಯಕ್ಷರು ಕೂರುವುದು ವಾಡಿಕೆ. ಹ್ಯಾರಿಸ್ ಅಲ್ಲಿರಲಿಲ್ಲ. ಮೊದಲೇ ಒಪ್ಪಿಕೊಂಡಿದ್ದ ಕಾರ್ಯಕ್ರಮ ಇದೆ ಎಂದು ಇಂಡಿಯಾನಾಪೊಲಿಸ್‌ಗೆ ಹೋಗಿದ್ದರು. ಅಲ್ಲಿ ಕಪ್ಪು ಮಹಿಳೆಯರ ಸಂಘವಾದ ಝೀಟಾ ಫೈ ಬೀಟಾ ಎಂಬ ಸೊರೊರಿಟಿಯ ಸಮಾವೇಶ. ಎದುರಿಗೆ ಸುಮಾರು 6,000 ಮಹಿಳೆಯರು.

ಒಂದು ವಾರ ಬಿಟ್ಟು ಹ್ಯೂಸ್ಟನ್‌ಗೆ ಹೋದರು. ಅಲ್ಲಿ ಸಿಗ್ಮಾ ಗಾಮಾ ರೋ ಎಂಬ ಇನ್ನೊಂದು ಸೊರೊರಿಟಿ. ಅದಕ್ಕೂ ಮುಂಚೆ, ಜುಲೈ 10ರಂದು, ಡಲ್ಲಾಸ್‌ನಲ್ಲಿ ತಮ್ಮದೇ ಸೊರೊರಿಟಿ ಆಲ್ಫಾ ಕಪ್ಪಾ ಆಲ್ಫಾದ ಸಮಾವೇಶದಲ್ಲಿ ಮಾತಾಡಿದ್ದರು. ಒಂದೇ ತಿಂಗಳಲ್ಲಿ ಮೂರು ಸಮಾವೇಶ.

ಇದನ್ನು ಓದಿದ ಎಷ್ಟೋ ಜನರಿಗೆ ಗೊಂದಲವಾಯಿತು. ಸೊರೊರಿಟಿ ಅಂದರೆ ಕಾಲೇಜು ಹುಡುಗಿಯರ ಸಂಘ ಅಲ್ವಾ? ದೇಶದ ಉಪಾಧ್ಯಕ್ಷೆಗೆ ಅಲ್ಲೇನು ಕೆಲಸ? ಇನ್ನೂ ದೊಡ್ಡ ಗೊಂದಲ ಬೇರೆ ಇತ್ತು. ಇಷ್ಟೆಲ್ಲ ಚಪ್ಪಾಳೆ ಹೊಡೆದವರು, ತಮ್ಮ ಬಳಗದ ಹೆಣ್ಣುಮಗಳೇ ಅಧ್ಯಕ್ಷ ಸ್ಥಾನಕ್ಕೆ ನಿಂತಾಗ ಸಂಘಟನೆಯಾಗಿ 'ನಮ್ಮ ಬೆಂಬಲ ಇವರಿಗೆ' ಎಂದು ಹೇಳಲೇ ಇಲ್ಲ. 2028ರ ಚುನಾವಣೆಯ ಮಾತು ಬಂದಾಗಲೆಲ್ಲ ಹ್ಯಾರಿಸ್ ಹೆಸರೂ ತೇಲಿಬರುವುದರಿಂದ ಈ ಪ್ರಶ್ನೆ ಮತ್ತೆ ಏಳುತ್ತದೆ. ಇದಕ್ಕೆ ಉತ್ತರ ಬೇಕಿದ್ದರೆ ನೂರು ವರ್ಷಕ್ಕಿಂತ ಜಾಸ್ತಿ ಹಿಂದಕ್ಕೆ ಹೋಗಬೇಕು.

ಸೊರೊರಿಟಿ ಒಂದೇ ಬಗೆಯದ್ದಲ್ಲ

ಲ್ಯಾಟಿನ್‌ನಲ್ಲಿ 'ಸೊರೊರ್' ಅಂದರೆ ಸೋದರಿ. ನಮ್ಮಲ್ಲಿ ಹಿಂದೆ ಊರೂರಲ್ಲಿ 'ಅಕ್ಕನ ಬಳಗ' ಎಂದು ಹೆಸರಿಟ್ಟುಕೊಂಡ ಸಂಘಗಳಿದ್ದವಲ್ಲ, ಹೆಸರಿನ ಭಾವ ಅದೇ. ಆಲ್ಫಾ ಕಪ್ಪಾ ಆಲ್ಫಾದ ಮೂರಕ್ಷರದ ಚುಟುಕು ಹೆಸರನ್ನು ಇಂಗ್ಲಿಷ್ ಪತ್ರಿಕೆಯಲ್ಲಿ ನೋಡಿದ ಕನ್ನಡಿಗರು ಅದನ್ನು 'ಅಕ್ಕ' ಎಂದೇ ಓದಿಕೊಂಡರೂ ಆಶ್ಚರ್ಯವಿಲ್ಲ. ಅಮೆರಿಕದ ಕನ್ನಡ ಕೂಟಗಳ ಆಗರವನ್ನು ಎಲ್ಲರೂ ಕರೆಯುವುದು 'ಅಕ್ಕ' ಎಂದೇ ತಾನೆ. ಎರಡಕ್ಕೂ ಸಂಬಂಧವಿಲ್ಲ. ಇದನ್ನು 'ಎ-ಕೆ-ಎ' ಎಂದು ಬಿಡಿಬಿಡಿಯಾಗಿ ಹೇಳಬೇಕು.

ಸಿನಿಮಾಗಳಲ್ಲಿ ಕಾಣುವ ಸೊರೊರಿಟಿ ಬೇರೆ. ಅಲ್ಲಿ ದೊಡ್ಡ ಮನೆ, ಪಾರ್ಟಿ, ನಾಲ್ಕು ವರ್ಷದ ಗೆಳೆತನ. ಪದವಿ ಸಿಕ್ಕಿದ ಮೇಲೆ ಅದು ಬಹುಮಟ್ಟಿಗೆ ನೆನಪಿನ ವಿಷಯ. ಕಪ್ಪು ಮಹಿಳೆಯರ ಸೊರೊರಿಟಿಗಳಲ್ಲಿ ಇದು ತಲೆಕೆಳಗು. ಇಲ್ಲಿ ಸದಸ್ಯತ್ವ ಜೀವನಪೂರ್ತಿ. ಕಾಲೇಜು ಶಾಖೆಗಳ ಜೊತೆಗೆ ಊರೂರಲ್ಲಿ ಪದವೀಧರರ ಶಾಖೆಗಳಿವೆ. ಅಲ್ಲಿ ಕೂರುವವರು ವಕೀಲರು, ನರ್ಸ್‌ಗಳು, ಶಾಲೆಯ ಪ್ರಿನ್ಸಿಪಾಲರು, ಬ್ಯಾಂಕ್ ಮ್ಯಾನೇಜರ್‌ಗಳು. ಕಾಲೇಜಿನಲ್ಲಿ ಸೇರಲಾಗದವರು ನಲವತ್ತು ದಾಟಿದ ಮೇಲೂ ಸೇರುತ್ತಾರೆ. ಹಾಗಾಗಿ ಇದನ್ನು ವಿದ್ಯಾರ್ಥಿನಿಯರ ಸಂಘ ಅನ್ನುವುದಕ್ಕಿಂತ, ಕಾಲೇಜಿನಲ್ಲಿ ಬೇರೂರಿ ಊರಲ್ಲಿ ಬೆಳೆದ ದುಡಿಯುವ ಹೆಂಗಸರ ಸಂಘ ಅನ್ನುವುದೇ ಸರಿ.

ಇಂಥವುಗಳಲ್ಲಿ ಮುಖ್ಯವಾದವು ನಾಲ್ಕು. ಆಲ್ಫಾ ಕಪ್ಪಾ ಆಲ್ಫಾ 1908ರಲ್ಲಿ, ಡೆಲ್ಟಾ ಸಿಗ್ಮಾ ಥೀಟಾ 1913ರಲ್ಲಿ, ಝೀಟಾ ಫೈ ಬೀಟಾ 1920ರಲ್ಲಿ ಶುರುವಾದವು. ಈ ಮೂರೂ ಹುಟ್ಟಿದ್ದು ವಾಷಿಂಗ್ಟನ್‌ನ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ. ಹ್ಯಾರಿಸ್ ಓದಿದ್ದೂ ಅಲ್ಲೇ. 1986ರಲ್ಲಿ ಆಲ್ಫಾ ಕಪ್ಪಾ ಆಲ್ಫಾ ಸೇರಿದರು. ನಾಲ್ಕನೆಯದು ಸಿಗ್ಮಾ ಗಾಮಾ ರೋ. ಅದರ ಕಥೆ ಸ್ವಲ್ಪ ಬೇರೆ, ಮುಂದೆ ಹೇಳುತ್ತೇನೆ. ಈ ನಾಲ್ಕಕ್ಕೆ ಗಂಡಸರ ಐದು ಸಂಘ ಸೇರಿದರೆ ಒಟ್ಟು ಒಂಬತ್ತು. ಇವುಗಳ ಒಕ್ಕೂಟ 1930ರಲ್ಲಿ ಶುರುವಾಯಿತು. ಜನರ ಬಾಯಲ್ಲಿ ಅದರ ಹೆಸರು 'ಡಿವೈನ್ ನೈನ್'.

ಮುಚ್ಚಿದ ಬಾಗಿಲುಗಳ ಕಾಲ

ಪದವಿ ಮುಗಿದ ಮೇಲೂ ಸಂಘ ಯಾಕೆ ಬೇಕಾಯಿತು? ಆಗ ಕಪ್ಪು ಹೆಣ್ಣುಮಗಳೊಬ್ಬಳು ಓದು ಮುಗಿಸಿ ಟೀಚರೋ ಡಾಕ್ಟರೋ ಆದಳು ಅನ್ನಿ. ಊರಿನ ಪ್ರತಿಷ್ಠಿತ ಕ್ಲಬ್ಬುಗಳು ಅವಳನ್ನು ಸೇರಿಸಿಕೊಳ್ಳುವುದಿಲ್ಲ. ವೃತ್ತಿಯವರ ಸಂಘಗಳೂ ಅಷ್ಟೇ. ಇದಕ್ಕೆ ಮೇರಿ ಚರ್ಚ್ ಟೆರೆಲ್ ಅವರ ಉದಾಹರಣೆ ಸಾಕು. ಹೆಣ್ಣುಮಕ್ಕಳ ಹಕ್ಕಿಗಾಗಿ, ಕಪ್ಪು ಜನರ ಹಕ್ಕಿಗಾಗಿ ಇಡೀ ಜೀವನ ದುಡಿದವರು ಅವರು. ವಿಶ್ವವಿದ್ಯಾಲಯದ ಪದವಿ ಪಡೆದ ಮಹಿಳೆಯರ ರಾಷ್ಟ್ರೀಯ ಸಂಘದ ವಾಷಿಂಗ್ಟನ್ ಶಾಖೆಗೆ 1946ರಲ್ಲಿ ಅರ್ಜಿ ಹಾಕಿದಾಗ ಅವರಿಗೆ ವಯಸ್ಸು ಎಂಬತ್ತು ದಾಟಿತ್ತು. ಶಾಖೆ ಒಲ್ಲೆ ಅಂದಿತು. ಆ ಜಗಳ ಇತ್ಯರ್ಥವಾಗಲು ಮೂರು ವರ್ಷ ಬೇಕಾಯಿತು. ಬೇರೆಯವರ ಮನೆಗೆ ಪ್ರವೇಶ ಇಲ್ಲ ಅಂದ ಮೇಲೆ ಸ್ವಂತ ಮನೆ ಕಟ್ಟಿಕೊಳ್ಳಲೇಬೇಕು.

ಇದೇ ಟೆರೆಲ್ 1913ರ ಮಾರ್ಚ್ 3ರಂದು ವಾಷಿಂಗ್ಟನ್ ಬೀದಿಯಲ್ಲಿ ಒಂದು ಮೆರವಣಿಗೆಯಲ್ಲಿ ನಡೆದಿದ್ದರು. ಹೆಂಗಸರಿಗೆ ಮತದಾನದ ಹಕ್ಕು ಕೊಡಿ ಎಂಬ ಮೆರವಣಿಗೆ ಅದು. ಮಾರನೆಯ ದಿನ ವುಡ್ರೊ ವಿಲ್ಸನ್ ಅಧ್ಯಕ್ಷರಾಗಿ ಪ್ರಮಾಣ ವಚನ ತೆಗೆದುಕೊಳ್ಳುವವರಿದ್ದರು. ಟೆರೆಲ್ ಜೊತೆಗಿದ್ದವರು ಡೆಲ್ಟಾ ಸಿಗ್ಮಾ ಥೀಟಾದ ಹುಡುಗಿಯರು. ಅವರ ಸಂಘಕ್ಕೆ ಆಗ ಇನ್ನೂ ಎರಡು ತಿಂಗಳು ತುಂಬಿರಲಿಲ್ಲ. ಸಾಮಾಜಿಕ ಕೂಟ ಸಾಕು, ಬೀದಿಗಿಳಿದು ಕೆಲಸ ಮಾಡೋಣ ಎಂದು ಆಲ್ಫಾ ಕಪ್ಪಾ ಆಲ್ಫಾದಿಂದ ಹೊರಬಂದ 22 ವಿದ್ಯಾರ್ಥಿನಿಯರು ಅದನ್ನು ಕಟ್ಟಿದ್ದರು. ಮೆರವಣಿಗೆಯಲ್ಲೂ ಬಿಳಿಯರ ಪಕ್ಕ ಕಪ್ಪು ಹೆಂಗಸರು ನಡೆಯಬಾರದು, ಹಿಂದೆ ಬರಲಿ ಎನ್ನುವ ಒತ್ತಡ ಇತ್ತು. ಪತ್ರಕರ್ತೆ ಐಡಾ ಬಿ. ವೆಲ್ಸ್ ಅದನ್ನು ಒಪ್ಪದೆ ತಮ್ಮ ರಾಜ್ಯ ಇಲಿನಾಯ್ ತಂಡದ ನಡುವೆಯೇ ಸೇರಿಕೊಂಡರು.

ಇನ್ನು ಸಿಗ್ಮಾ ಗಾಮಾ ರೋ. ಇದು ಶುರುವಾಗಿದ್ದು 1922ರಲ್ಲಿ, ಇಂಡಿಯಾನಾಪೊಲಿಸ್‌ನಲ್ಲಿ. ಕಟ್ಟಿದವರು ಏಳು ಜನ ಶಾಲಾ ಶಿಕ್ಷಕಿಯರು. ಅಂದರೆ ಮೊದಲ ದಿನದಿಂದಲೇ ದುಡಿಯುವ ಹೆಂಗಸರ ಸಂಘ. ಕಾಲ ಎಂಥದ್ದು ಗೊತ್ತೇ? ಕು ಕ್ಲಕ್ಸ್ ಕ್ಲಾನ್ ಎಂಬ ಜನಾಂಗದ್ವೇಷಿ ಸಂಘಟನೆ ಇಂಡಿಯಾನಾದಲ್ಲಿ ಉತ್ತುಂಗದಲ್ಲಿತ್ತು. ಎರಡೇ ವರ್ಷಕ್ಕೆ, 1924ರಲ್ಲಿ, ಅದರ ಬೆಂಬಲ ಪಡೆದವರೇ ಆ ರಾಜ್ಯದ ಗವರ್ನರ್ ಆಗಿ ಆಯ್ಕೆಯಾದರು. ನೂರು ವರ್ಷದ ನಂತರ ಹ್ಯಾರಿಸ್ ಝೀಟಾ ಸಮಾವೇಶಕ್ಕೆ ಬಂದಿಳಿದದ್ದು ಇದೇ ಊರಿಗೆ.

ಮಿಸಿಸಿಪ್ಪಿಯ ಹತ್ತಿ ಹೊಲದಲ್ಲಿ

'ಸಮಾಜ ಸೇವೆ' ಅನ್ನುವ ಮಾತು ಸವೆದು ಹೋಗಿದೆ. ನಮ್ಮಲ್ಲೂ ಅಷ್ಟೇ, ಎರಡು ಡಜನ್ ಬಾಳೆಹಣ್ಣು ಹಂಚಿ ಫೋಟೋ ತೆಗೆಸಿಕೊಂಡರೂ ಅದು ಸೇವೆ. ಈ ಸೊರೊರಿಟಿಗಳ ಸೇವೆ ಯಾವ ಬಗೆಯದ್ದು ಎಂದು ತಿಳಿಯಬೇಕಿದ್ದರೆ 1935ರ ಬೇಸಿಗೆಗೆ ಹೋಗಬೇಕು.

ಆರ್ಥಿಕ ಮಹಾಕುಸಿತದ ಕಾಲ. ಮಿಸಿಸಿಪ್ಪಿ ರಾಜ್ಯದ ಹೋಮ್ಸ್ ಕೌಂಟಿ. ಬಿಳಿಯ ಭೂಮಾಲೀಕರ ಹತ್ತಿ ಹೊಲಗಳಲ್ಲಿ ಕಪ್ಪು ಕುಟುಂಬಗಳು ಪಾಲಿಗೆ ದುಡಿಯುತ್ತಿದ್ದವು. ಡಾಕ್ಟರ ಮುಖ ಕಾಣದ ಮಕ್ಕಳು. ಗಂಟಲಮಾರಿ, ಸಿಡುಬು, ಮಲೇರಿಯಾ, ಸರಿಯಾದ ಊಟವಿಲ್ಲದೆ ಬರುವ ಪೆಲಾಗ್ರಾ. ಆಲ್ಫಾ ಕಪ್ಪಾ ಆಲ್ಫಾ ಅಲ್ಲಿಗೆ ಒಂದು ವೈದ್ಯಕೀಯ ತಂಡ ಕಳಿಸಲು ತೀರ್ಮಾನಿಸಿತು. ಮುಂದಾಳು ಡಾ. ಡೊರೊತಿ ಬೋಲ್ಡಿಂಗ್ ಫೆರಬೀ. ಹೋವರ್ಡ್‌ನಲ್ಲಿ ಕೆಲಸ ಮಾಡುತ್ತಿದ್ದ ಡಾಕ್ಟರು.

ಮೊದಲ ಅಡ್ಡಿ ಎದುರಾಗಿದ್ದು ರೈಲಿನಲ್ಲಿ. ಕಪ್ಪು ಹೆಂಗಸರಿಗೆ ಮಲಗುವ ಬೋಗಿಯ ಟಿಕೆಟ್ ಕೊಡುವುದಿಲ್ಲ ಎಂದರು. ಸರಿ, ತಮ್ಮ ತಮ್ಮ ಕಾರುಗಳಲ್ಲೇ ಸಾಮಾನು ತುಂಬಿಕೊಂಡು ಹೊರಟರು. ವಾಷಿಂಗ್ಟನ್‌ನಿಂದ ಅಲ್ಲಿಗೆ ಸಾವಿರದಾರುನೂರು ಕಿಲೋಮೀಟರ್ ಆಸುಪಾಸು, ಅದೂ ಆ ಕಾಲದ ರಸ್ತೆಯಲ್ಲಿ. ಮುಂದೆ ಕೆಲವೇ ವರ್ಷಕ್ಕೆ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರಿಗೂ ಅಮೆರಿಕದ ದಕ್ಷಿಣದ ರೈಲಿನಲ್ಲಿ ಇದೇ ಅನುಭವ ಆಯಿತು. ಬಿಳಿಯರ ಬೋಗಿಯಿಂದ ಎದ್ದು ಹೋಗಿ ಎಂದು ಟಿಕೆಟ್ ತಪಾಸಣೆಯವನು ಹೇಳಿದ. ತಾನು ಭಾರತೀಯಳು ಎಂದು ಹೇಳಿದ್ದರೆ ಬಚಾವಾಗಬಹುದಿತ್ತು. ಅವರು ಹಾಗೆ ಹೇಳಲಿಲ್ಲ. ನಾನೂ ಬಣ್ಣದವಳೇ, ಏಳುವುದಿಲ್ಲ ಎಂದು ಕೂತೇ ಇದ್ದರು.

ಎರಡನೆಯ ಅಡ್ಡಿ ಭೂಮಾಲೀಕರು. ಹೆಂಗಸರ ಯೋಜನೆ ಸರಳವಾಗಿತ್ತು: ಅಲ್ಲಲ್ಲಿ ಕ್ಲಿನಿಕ್ ತೆರೆಯುವುದು, ಜನ ಬರುತ್ತಾರೆ. ಜನ ಬರಲಿಲ್ಲ. ಬರಲು ಮಾಲೀಕರು ಬಿಡಲಿಲ್ಲ. ಹೊರಗಿನಿಂದ ಓದಿದ ಕಪ್ಪು ಹೆಂಗಸರು ಬಂದು ಆಳುಗಳ ತಲೆ ಕೆಡಿಸುತ್ತಾರೆ ಎಂಬ ಭಯ. ಆಗ ಫೆರಬೀ ತಂಡ ಯೋಜನೆಯನ್ನೇ ತಿರುಗಿಸಿತು. ಜನ ಕ್ಲಿನಿಕ್ಕಿಗೆ ಬರದಿದ್ದರೆ ಕ್ಲಿನಿಕ್ಕೇ ಜನರ ಹತ್ತಿರ ಹೋಗಲಿ. ಕಾರುಗಳಲ್ಲೇ ಔಷಧಿ, ಸೂಜಿ, ತೂಕದ ತಕ್ಕಡಿ ಹೇರಿಕೊಂಡು ತೋಟದಿಂದ ತೋಟಕ್ಕೆ ಹೋದರು. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಲಸಿಕೆ ಹಾಕಿದರು. ಸೊಂಟದಲ್ಲಿ ಬಂದೂಕು ಸಿಕ್ಕಿಸಿಕೊಂಡ ಮೇಸ್ತ್ರಿಗಳು ಕುದುರೆಯ ಮೇಲೆ ಸುತ್ತ ಅಡ್ಡಾಡುತ್ತಿದ್ದುದನ್ನು ಫೆರಬೀ ಆಮೇಲೆ ನೆನಪಿಸಿಕೊಂಡಿದ್ದಾರೆ. ಇಲ್ಲಿ ಏನು ಮಾತಾಡುತ್ತಾರೆ ಎಂದು ಕೇಳಿಸಿಕೊಳ್ಳುವುದೇ ಅವರ ಕೆಲಸ.

ಇದು ಒಂದು ಬೇಸಿಗೆಯ ಮಾತಲ್ಲ. 1942ರ ತನಕ ಬೇಸಿಗೆ ಬಂದಾಗ ಮತ್ತೆ ಮತ್ತೆ ಹೋದರು. ಸಾವಿರಾರು ಮಕ್ಕಳಿಗೆ ಲಸಿಕೆ ಬಿತ್ತು. ಸಂಬಳ ಯಾರಿಗೂ ಇಲ್ಲ. ತಮ್ಮ ಕೆಲಸಕ್ಕೆ ರಜೆ ಹಾಕಿ, ಸದಸ್ಯೆಯರು ಕೊಟ್ಟ ಚಂದಾದಲ್ಲಿ ನಡೆಸಿದ್ದು.

ಸೇವೆಯೇ ನಾಯಕತ್ವದ ಪಾಠಶಾಲೆ

ಸೊರೊರಿಟಿಗಳ ಬಗ್ಗೆ ಬರೆಯುವಾಗ ಸೇವೆ ಒಂದು ಕಡೆ, ನಾಯಕತ್ವ ಇನ್ನೊಂದು ಕಡೆ ಎಂದು ಎರಡು ಪಟ್ಟಿ ಮಾಡುವುದು ರೂಢಿ. ನನಗೆ ಅದು ಸರಿ ಕಾಣುವುದಿಲ್ಲ. ಇಲ್ಲಿ ಮೊದಲನೆಯದರಿಂದಲೇ ಎರಡನೆಯದು ಹುಟ್ಟಿದ್ದು.

ಹೇಗೆ? ಫೆರಬೀ ಆ ಬೇಸಿಗೆಗಳಲ್ಲಿ ಏನೇನು ಮಾಡಬೇಕಾಯಿತು ನೋಡಿ. ಹಣ ಕೂಡಿಸಬೇಕು, ಲೆಕ್ಕ ಒಪ್ಪಿಸಬೇಕು. ಸರ್ಕಾರಿ ಆರೋಗ್ಯ ಅಧಿಕಾರಿಯನ್ನು ಒಪ್ಪಿಸಬೇಕು. ಸಿಟ್ಟಾದ ಭೂಮಾಲೀಕನ ಜೊತೆ ತಲೆ ತಗ್ಗಿಸದೆ, ಜಗಳವೂ ಆಡದೆ ಮಾತಾಡಬೇಕು. ಯೋಜನೆ ಕೈಕೊಟ್ಟರೆ ರಾತ್ರೋರಾತ್ರಿ ಬೇರೆ ಯೋಜನೆ ಹಾಕಬೇಕು. ಇದೆಲ್ಲ ರಾಜಕಾರಣದ ಕಸುಬೇ. ಆಗಿನ ಕಾಲದಲ್ಲಿ ಕಪ್ಪು ಹೆಣ್ಣಿಗೆ ಇದನ್ನು ಕಲಿಸುವ ಬೇರೆ ಜಾಗ ಇರಲಿಲ್ಲ. ಕಂಪನಿ, ಪಕ್ಷ, ನಗರಸಭೆ ಯಾವುದೂ ಅವಳನ್ನು ಮುಖ್ಯ ಕುರ್ಚಿಗೆ ಬಿಡುತ್ತಿರಲಿಲ್ಲ. ಫೆರಬೀ 1939ರಲ್ಲಿ ಸೊರೊರಿಟಿಯ ಅಧ್ಯಕ್ಷೆಯಾದರು. 1949ರಲ್ಲಿ ಕಪ್ಪು ಮಹಿಳೆಯರ ಸಂಘಗಳ ರಾಷ್ಟ್ರೀಯ ಮಂಡಳಿಯ ಚುಕ್ಕಾಣಿ ಹಿಡಿದರು. ಅದೇ ಮಂಡಳಿಯನ್ನು 1957ರಿಂದ ನಾಲ್ಕು ದಶಕ ನಡೆಸಿದವರು ಡೊರೊತಿ ಹೈಟ್. ಅವರು ಅದಕ್ಕೂ ಮುಂಚೆ ಡೆಲ್ಟಾದ ರಾಷ್ಟ್ರೀಯ ಅಧ್ಯಕ್ಷೆ.

ಇವತ್ತಿಗೂ ಶಾಖೆಯೊಂದರ ಸಭೆ ಅಂದರೆ ಹರಟೆಯಲ್ಲ. ಹಿಂದಿನ ಸಭೆಯ ನಡಾವಳಿ ಓದುತ್ತಾರೆ. ಖಜಾಂಚಿ ಲೆಕ್ಕ ಕೊಡುತ್ತಾರೆ. ನಿರ್ಣಯ ಮಂಡಿಸುವುದು, ಅನುಮೋದಿಸುವುದು, ಮತಕ್ಕೆ ಹಾಕುವುದು ಎಲ್ಲಕ್ಕೂ ಕ್ರಮ ಇದೆ. ಇಪ್ಪತ್ತರ ಹುಡುಗಿಗೆ ಇದು ಬೋರು ಹೊಡೆಸಬಹುದು. ಆದರೆ ಮೂವತ್ತೈದರಲ್ಲಿ ಶಾಲಾ ಮಂಡಳಿಗೋ ನಗರಸಭೆಗೋ ಆಯ್ಕೆಯಾಗಿ ಹೋದಾಗ ಅವಳಿಗೆ ಅಲ್ಲಿನ ಭಾಷೆ ಮೊದಲೇ ಗೊತ್ತಿರುತ್ತದೆ. 1968ರಲ್ಲಿ ಅಮೆರಿಕದ ಸಂಸತ್ತಿಗೆ ಆಯ್ಕೆಯಾದ ಮೊದಲ ಕಪ್ಪು ಮಹಿಳೆ ಶರ್ಲಿ ಚಿಶಮ್ ಡೆಲ್ಟಾ ಸದಸ್ಯೆ. ಆಮೇಲೆ ಟೆಕ್ಸಾಸ್‌ನಿಂದ ಬಂದ ಬಾರ್ಬರಾ ಜೋರ್ಡನ್ ಕೂಡ ಡೆಲ್ಟಾ. ರಾಜಕೀಯಕ್ಕೆ ಮಾತ್ರ ಸೀಮಿತ ಅಂತಲೂ ಅಲ್ಲ. ನಾಸಾದ ಗಣಿತಜ್ಞೆ ಕ್ಯಾಥರೀನ್ ಜಾನ್ಸನ್ ಆಲ್ಫಾ ಕಪ್ಪಾ ಆಲ್ಫಾದವರು.

ಈಗಿನ ಸೇವೆಯ ಒಂದು ಮಾದರಿ ಝೀಟಾದವರ 'ಸ್ಟಾರ್ಕ್ಸ್ ನೆಸ್ಟ್', ಅಂದರೆ ಕೊಕ್ಕರೆಯ ಗೂಡು. ಮಗುವನ್ನು ಕೊಕ್ಕರೆ ತಂದುಕೊಡುತ್ತದೆ ಎಂಬುದು ಪಶ್ಚಿಮದವರು ಮಕ್ಕಳಿಗೆ ಹೇಳುವ ಕಥೆ. ತಾಯಿ-ಮಗುವಿನ ಆರೋಗ್ಯಕ್ಕಾಗಿ ದುಡಿಯುವ 'ಮಾರ್ಚ್ ಆಫ್ ಡೈಮ್ಸ್' ಸಂಸ್ಥೆಯ ಜೊತೆ ಸೇರಿ 1970ರ ದಶಕದಿಂದ ಇದನ್ನು ನಡೆಸುತ್ತಿದ್ದಾರೆ. ಬಸುರಿ ಹೆಂಗಸು ತಪಾಸಣೆಗೆ ಹೋದರೆ ಇಷ್ಟು ಅಂಕ. ತಿಳಿವಳಿಕೆ ತರಗತಿಗೆ ಬಂದರೆ ಇನ್ನಷ್ಟು. ಅಂಕ ಕೂಡಿಸಿಕೊಂಡು ಅದರಲ್ಲೇ ಕೂಸಿನ ಬಟ್ಟೆ, ಹಾಸಿಗೆ ಅಂಥದ್ದನ್ನು 'ಕೊಂಡುಕೊಳ್ಳಬಹುದು'. ಸುಮ್ನೆ ಕೊಟ್ಟರೆ ಭಿಕ್ಷೆಯಂತೆ ಅನ್ನಿಸಬಹುದು. ಇಲ್ಲಿ ಅವಳು ಗಿರಾಕಿ, ಗಳಿಸಿ ಕೊಂಡವಳು. ಜೊತೆಗೆ ತಪಾಸಣೆಯೂ ತಪ್ಪುವುದಿಲ್ಲ. ಇದರ ಅಗತ್ಯ ಎಷ್ಟಿದೆ ಎನ್ನುವುದಕ್ಕೆ ಒಂದೇ ಲೆಕ್ಕ ಸಾಕು: 2023ರಲ್ಲಿ ಅಮೆರಿಕದಲ್ಲಿ ಒಂದು ಲಕ್ಷ ಹೆರಿಗೆಗೆ ಕಪ್ಪು ತಾಯಂದಿರ ಸಾವು 50.3, ಬಿಳಿಯರಲ್ಲಿ 14.5.

ಹಾಗಾದರೆ ಬೆಂಬಲ ಘೋಷಿಸಲಿಲ್ಲ ಯಾಕೆ?

ಈಗ ಗೊಂದಲದ ಗಂಟಿಗೆ ಬರೋಣ. ಬೈಡನ್ ಹಿಂದೆ ಸರಿದ ರಾತ್ರಿಯೇ ಕಪ್ಪು ಮಹಿಳೆಯರ ಒಂದು ಜೂಮ್ ಸಭೆ ನಡೆಯಿತು. ಸುಮಾರು 44,000 ಜನ ಸೇರಿದ್ದರು. ಕೆಲವೇ ಗಂಟೆಯಲ್ಲಿ 15 ಲಕ್ಷ ಡಾಲರ್‌ಗಿಂತ ಜಾಸ್ತಿ ಹಣ ಕೂಡಿತು. ಆ ಸಭೆ ಕರೆದದ್ದು ಸೊರೊರಿಟಿಯಲ್ಲ, ಬೇರೊಂದು ವೇದಿಕೆ. ಆದರೆ ಪರದೆಯ ಮೇಲಿದ್ದ ಮುಖಗಳಲ್ಲಿ ಸೊರೊರಿಟಿಯವರು ಧಾರಾಳವಾಗಿದ್ದರು. ಮಾರನೆಯ ದಿನ ಡಿವೈನ್ ನೈನ್ ಒಕ್ಕೂಟದ ಅಧ್ಯಕ್ಷರು ಹೇಳಿಕೆ ಕೊಟ್ಟರು. ಹಿಂದೆಂದೂ ಮಾಡದ ದೊಡ್ಡ ಮಟ್ಟದಲ್ಲಿ ಮತದಾರರ ನೋಂದಣಿ, ತಿಳಿವಳಿಕೆ, ಮತಗಟ್ಟೆಗೆ ಕರೆತರುವ ಕೆಲಸ ಮಾಡುತ್ತೇವೆ ಎಂದರು. ಯಾರಿಗೆ ಮತ ಹಾಕಿ ಎನ್ನಲಿಲ್ಲ.

ಒಂದು ಕಾರಣ ತೆರಿಗೆ ಕಾನೂನು. ಅಮೆರಿಕದಲ್ಲಿ ದತ್ತಿ ಸಂಸ್ಥೆಗಳಿಗೆ ಕೊಟ್ಟ ಹಣಕ್ಕೆ ದಾನಿಗೆ ತೆರಿಗೆ ವಿನಾಯಿತಿ ಸಿಗುತ್ತದೆ. ಅದಕ್ಕೆ ಪ್ರತಿಯಾಗಿ ಆ ಸಂಸ್ಥೆಗಳು ಯಾವ ಅಭ್ಯರ್ಥಿಯ ಪರ-ವಿರೋಧವೂ ಪ್ರಚಾರ ಮಾಡಬಾರದು. ಇದು 1954ರಿಂದ ಇರುವ ನಿಯಮ. ಸದಸ್ಯರ ಚಂದಾದಲ್ಲಿ ನಡೆಯುವ ಕ್ಲಬ್ಬುಗಳದ್ದು ಬೇರೆ ಖಾನೆ. ಅವಕ್ಕೆ ಕೊಟ್ಟ ಹಣಕ್ಕೆ ವಿನಾಯಿತಿ ಇಲ್ಲ, ರಾಜಕೀಯದ ಮೇಲೆ ಅಷ್ಟು ಬಿಗಿ ಕಟ್ಟೂ ಇಲ್ಲ. ಆಲ್ಫಾ ಕಪ್ಪಾ ಆಲ್ಫಾ ಈ ಎರಡನೆಯ ಖಾನೆಯಲ್ಲಿದೆ. ಆದರೆ ವಿದ್ಯಾರ್ಥಿವೇತನ ಕೊಡುವ ಅದರ ಪ್ರತಿಷ್ಠಾನ ಮೊದಲನೆಯ ಖಾನೆಯಲ್ಲಿದೆ. ಹೆಸರು ಹತ್ತಿರ, ಜನ ಅವರೇ. ಒಂದರ ರಾಜಕೀಯ ಇನ್ನೊಂದಕ್ಕೆ ಅಂಟಿಕೊಂಡರೆ ಪ್ರತಿಷ್ಠಾನಕ್ಕೆ ಕುತ್ತು.

ಕಾನೂನು ಅರ್ಧ ಉತ್ತರ ಮಾತ್ರ. ಉಳಿದರ್ಧ ಅವರ ಹಳೆಯ ಅನುಭವದಲ್ಲಿದೆ. ಮಿಸಿಸಿಪ್ಪಿಯ ಕೆಲಸ ನಡೆಯುತ್ತಿರುವಾಗಲೇ, 1938ರಲ್ಲಿ, ನಾರ್ಮಾ ಬಾಯ್ಡ್ ಮುಂದಾಳತ್ವದಲ್ಲಿ ಆಲ್ಫಾ ಕಪ್ಪಾ ಆಲ್ಫಾ ವಾಷಿಂಗ್ಟನ್‌ನಲ್ಲಿ ಒಂದು ಕಚೇರಿ ತೆರೆಯಿತು. ಸಂಸದರನ್ನು ಭೇಟಿ ಮಾಡಿ ಕಪ್ಪು ಜನರ ಹಕ್ಕಿನ ಪರ ಕಾನೂನಿಗೆ ಒತ್ತಾಯಿಸುವುದು ಅದರ ಕೆಲಸ. ಅದರ ಹೆಸರಿನಲ್ಲೇ 'ಪಕ್ಷಾತೀತ' ಎಂಬ ಮಾತಿತ್ತು. ಯಾಕೆಂದರೆ ಆಗ ಡೆಮಾಕ್ರಟಿಕ್ ಪಕ್ಷ ಅಂದರೆ ಬಡವರಿಗೆ ನೆರವಿನ ಯೋಜನೆ ತಂದ ಅಧ್ಯಕ್ಷ ರೂಸ್‌ವೆಲ್ಟ್ ಪಕ್ಷವೂ ಹೌದು, ದಕ್ಷಿಣದ ಜನಾಂಗಭೇದಿ ಸೆನೆಟರ್‌ಗಳ ಪಕ್ಷವೂ ಹೌದು. ಯಾವ ಪಕ್ಷವನ್ನೂ ಪೂರ್ತಿ ನಂಬುವಂತಿರಲಿಲ್ಲ.

ಆ ಎಚ್ಚರ ಇವತ್ತಿಗೂ ಉಪಯೋಗಕ್ಕೆ ಬರುತ್ತದೆ. ಶಾಖೆಯೊಂದು ಸರ್ಕಾರಿ ಶಾಲೆಯಲ್ಲಿ ಶಿಬಿರ ನಡೆಸಬೇಕು ಅನ್ನಿ, ಆ ಊರಿನ ಆಡಳಿತ ರಿಪಬ್ಲಿಕನ್ನರ ಕೈಯಲ್ಲಿರಬಹುದು. ಪ್ರಾಯೋಜಕ ಕಂಪನಿಗಳಿಗೆ ಪಕ್ಷದ ಬಣ್ಣ ಬೇಡ. ಸಂಘದೊಳಗೂ ಎಲ್ಲರದ್ದೂ ಒಂದೇ ಅಭಿಪ್ರಾಯವಲ್ಲ. ಸರ್ಕಾರಿ ನೌಕರರು, ನ್ಯಾಯಾಧೀಶೆಯರು ಇದ್ದಾರೆ, ಅವರ ಹುದ್ದೆಯೇ ಪ್ರಚಾರಕ್ಕೆ ಅಡ್ಡಿ. ಬೆಂಬಲ ಘೋಷಿಸಿದ ಮರುದಿನ ಇವರೆಲ್ಲ ಮುಜುಗರಕ್ಕೆ ಬೀಳುತ್ತಾರೆ.

ಹಾಗಾಗಿ ಒಂದು ಜಾಣ ದಾರಿ ಹುಡುಕಿಕೊಂಡಿದ್ದಾರೆ. ವ್ಯಕ್ತಿಯಾಗಿ ಏನು ಬೇಕಾದರೂ ಮಾಡಿ, ಸಂಘದ ಹೆಸರು ಮತ್ತು ಅಕ್ಷರಗಳನ್ನು ಮಾತ್ರ ಎಳೆದು ತರಬೇಡಿ. ಸಂಘದ ಹೆಸರಿನ ಗ್ರೀಕ್ ಅಕ್ಷರಗಳಿರುವ ಅಂಗಿ ತೊಟ್ಟು ಪ್ರಚಾರಕ್ಕೆ ಹೋಗುವಂತಿಲ್ಲ. ಗುಲಾಬಿ ಅಂಗಿ, ಹಸಿರು ಸ್ಕಾರ್ಫ್, ಮುತ್ತಿನ ಸರ ಹಾಕಿಕೊಂಡರೆ ಯಾರು ಕೇಳುತ್ತಾರೆ? ಗುಲಾಬಿ ಮತ್ತು ಹಸಿರು ಆಲ್ಫಾ ಕಪ್ಪಾ ಆಲ್ಫಾದ ಬಣ್ಣ, ಮುತ್ತು ಅದರ ಗುರುತು. 2020ರಲ್ಲಿ ಹ್ಯಾರಿಸ್ ಉಪಾಧ್ಯಕ್ಷ ಅಭ್ಯರ್ಥಿಯಾದಾಗ ಬೈಡನ್ ಪ್ರಚಾರ ನಿಧಿಗೆ ಸರಿಯಾಗಿ 19.08 ಡಾಲರ್‌ನ ದೇಣಿಗೆಗಳು ಸಾವಿರಾರು ಬಂದವು. ಲೆಕ್ಕ ನೋಡುವವರಿಗೆ ಮೊದಲು ತಲೆಬುಡ ತಿಳಿಯದಿದ್ದರೂ, 1908 ಎಂಬ ಇಸವಿ ಗೊತ್ತಿದ್ದವರಿಗೆ ಹೇಳಬೇಕಾಗಿರಲಿಲ್ಲ.

ಗೊತ್ತಿಲ್ಲದವರು ಎಡವಿದ್ದೂ ಇದೆ. 2019ರಲ್ಲಿ ಸೌತ್ ಕೆರೊಲೈನಾದ ಒಂದು ಕೂಟಕ್ಕೆ ಹ್ಯಾರಿಸ್ ಬಂದಾಗ ಸದಸ್ಯೆಯರು 'ಸ್ಕೀ-ವೀ' ಎಂದು ಕೂಗಿದರು. ಅದು ಅವರ ಸಂಘದ ಕರೆ. ದೊಡ್ಡ ಪತ್ರಿಕೆಯೊಂದರ ವರದಿಗಾರ್ತಿ ಅದನ್ನು ಕಿರುಚಾಟ ಎಂದು ಬರೆದು ಆಮೇಲೆ ಕ್ಷಮೆ ಕೇಳಬೇಕಾಯಿತು.

ಒಪ್ಪದವರು ಏನು ಹೇಳುತ್ತಾರೆ

ಈ ಪಕ್ಷಾತೀತತೆ ಬರೀ ತೋರಿಕೆ ಎನ್ನುವುದು ಒಂದು ಟೀಕೆ. ಹ್ಯಾರಿಸ್‌ಗೆ ವೇದಿಕೆ ಕೊಟ್ಟು, ಚಪ್ಪಾಳೆ ಹೊಡೆದು, ನಮ್ಮದು ಯಾವ ಪಕ್ಷವೂ ಅಲ್ಲ ಅಂದರೆ ಯಾರು ನಂಬುತ್ತಾರೆ ಎಂದು ಬಲಪಂಥೀಯರು ಕೇಳುತ್ತಾರೆ. ಇದಕ್ಕೆ ತೀರಾ ಉಲ್ಟಾ ಟೀಕೆ ಒಳಗಿನ ಕಿರಿಯರದ್ದು. ಹೋರಾಟದಲ್ಲಿ ಹುಟ್ಟಿದ ಸಂಘ ಕಂಪನಿಗಳ ಪ್ರಾಯೋಜಕತ್ವಕ್ಕೆ ಹೆದರಿ ಬಾಯಿ ಮುಚ್ಚಿಕೊಂಡಿದೆ ಎನ್ನುವುದು ಅವರ ದೂರು. ಎರಡರಲ್ಲೂ ಒಂದಿಷ್ಟು ಸತ್ಯ ಇದೆ.

ನನ್ನ ಪ್ರಕಾರ ಜಾಸ್ತಿ ತೂಕದ ಟೀಕೆ ವರ್ಗದ್ದು. ಪದವೀಧರರ ಶಾಖೆಗೆ ಸೇರಲು ಡಿಗ್ರಿ ಬೇಕು. ಪ್ರವೇಶ ಶುಲ್ಕ, ವರ್ಷದ ಚಂದಾ, ಸಮಾವೇಶದ ವಿಮಾನ-ಹೋಟೆಲ್ ಖರ್ಚು ಸೇರಿದರೆ ಕೈ ಕಚ್ಚುತ್ತದೆ. ಅಂದರೆ ಮಿಸಿಸಿಪ್ಪಿಯಲ್ಲಿ ಲಸಿಕೆ ಹಾಕಿದವರು ಸದಸ್ಯೆಯರು, ಹಾಕಿಸಿಕೊಂಡವರ ಮಕ್ಕಳು ಸದಸ್ಯೆಯರಾಗುವುದು ಸುಲಭವಲ್ಲ. ಹೋವರ್ಡ್‌ನಲ್ಲೇ ಪಾಠ ಮಾಡುತ್ತಿದ್ದ ಸಮಾಜಶಾಸ್ತ್ರಜ್ಞ ಇ. ಫ್ರಾಂಕ್ಲಿನ್ ಫ್ರೇಜಿಯರ್ 1950ರ ದಶಕದಲ್ಲೇ ಕಪ್ಪು ಮಧ್ಯಮ ವರ್ಗದ ಇಂಥ ಕೂಟಗಳ ಆಡಂಬರವನ್ನು ಖಾರವಾಗಿ ಟೀಕಿಸಿದ್ದರು. ಕ್ಲೀವ್‌ಲ್ಯಾಂಡ್‌ನಲ್ಲಿ 1965ರಿಂದ ಆಲ್ಫಾ ಕಪ್ಪಾ ಆಲ್ಫಾ ಬಡ ಹುಡುಗಿಯರಿಗಾಗಿ ಸರ್ಕಾರದ ಉದ್ಯೋಗ ತರಬೇತಿ ಕೇಂದ್ರವನ್ನೇ ನಡೆಸಿತು. ಅದು ಟೀಕೆಗೆ ಕೊಟ್ಟ ಒಳ್ಳೆಯ ಉತ್ತರ, ಪೂರ್ತಿ ಉತ್ತರ ಅಲ್ಲ.

ಸೇರುವ ಹೊಸಬರಿಗೆ ಕಿರುಕುಳ ಕೊಡುವ ಚಾಳಿಯೂ ಇವನ್ನು ಬಿಟ್ಟಿಲ್ಲ. 1990ರಲ್ಲಿ ಒಂಬತ್ತರ ಒಕ್ಕೂಟ ಹಳೆಯ ಸೇರ್ಪಡೆ ಪದ್ಧತಿಯನ್ನೇ ಕೈಬಿಟ್ಟಿತು. ಕದ್ದುಮುಚ್ಚಿ ನಡೆಯುವುದು ನಿಂತಿಲ್ಲ.

ಅಂದಹಾಗೆ ಈ ಮಾದರಿ ಭಾರತೀಯ ಮೂಲದವರಿಗೂ ಹಿಡಿಸಿದೆ. 1998ರಲ್ಲಿ ಟೆಕ್ಸಾಸ್‌ನ ಎರಡು ವಿಶ್ವವಿದ್ಯಾಲಯಗಳಲ್ಲಿ ಕಪ್ಪಾ ಫೈ ಗಾಮಾ, ಡೆಲ್ಟಾ ಫೈ ಒಮೆಗಾ ಎಂಬ ದಕ್ಷಿಣ ಏಷ್ಯಾ ಹುಡುಗಿಯರ ಸೊರೊರಿಟಿಗಳು ಶುರುವಾದವು. ಮಗಳು ಅಮೆರಿಕದ ಕಾಲೇಜಿಗೆ ಸೇರಿ 'ಅಮ್ಮಾ, ನಾನು ಸೊರೊರಿಟಿ ಸೇರ್ತೀನಿ' ಎಂದಾಗ ಗಾಬರಿಯಾಗುವ ಕನ್ನಡದ ತಾಯಂದಿರು, ಯಾವ ಬಗೆಯದ್ದು ಎಂದು ಮೊದಲು ಕೇಳುವುದು ಒಳ್ಳೆಯದು.

ಸೋಲಿನ ನಂತರ

2024ರ ನವೆಂಬರ್‌ನಲ್ಲಿ ಹ್ಯಾರಿಸ್ ಸೋತರು. ಮತಗಟ್ಟೆ ಸಮೀಕ್ಷೆಗಳ ಪ್ರಕಾರ ಕಪ್ಪು ಮಹಿಳೆಯರಲ್ಲಿ ಹತ್ತರಲ್ಲಿ ಒಂಬತ್ತು ಜನ ಅವರಿಗೇ ಮತ ಹಾಕಿದ್ದರು. ಇದರಲ್ಲಿ ಸೊರೊರಿಟಿಗಳ ಬಲವೂ ಮಿತಿಯೂ ಒಟ್ಟಿಗೇ ಕಾಣುತ್ತವೆ. ತಮ್ಮ ಜನರನ್ನು ಮತಗಟ್ಟೆಗೆ ತರುವುದು ಅವರಿಗೆ ಗೊತ್ತು. ತಮ್ಮವರಲ್ಲದವರ ಮನಸ್ಸು ಬದಲಾಯಿಸುವ ಸಾಧನ ಅವರ ಹತ್ತಿರ ಇಲ್ಲ, ಅದು ಅವರ ಕೆಲಸವೂ ಆಗಿರಲಿಲ್ಲ. ಅದೇ ಚುನಾವಣೆಯಲ್ಲಿ ಮೇರಿಲ್ಯಾಂಡ್‌ನಿಂದ ಆಂಜೆಲಾ ಆಲ್ಸೊಬ್ರೂಕ್ಸ್, ಡೆಲವೇರ್‌ನಿಂದ ಲೀಸಾ ಬ್ಲಂಟ್ ರೋಚೆಸ್ಟರ್ ಸೆನೆಟ್‌ಗೆ ಗೆದ್ದು ಬಂದರು. ಇಬ್ಬರು ಕಪ್ಪು ಮಹಿಳೆಯರು ಒಟ್ಟಿಗೆ ಸೆನೆಟ್‌ನಲ್ಲಿ ಕೂತದ್ದು ಇದೇ ಮೊದಲು. ಇಬ್ಬರೂ ಡೆಲ್ಟಾದವರು. ಶ್ವೇತಭವನದ ಬಾಗಿಲಲ್ಲಿ ನಿಂತುಹೋದ ಏಣಿ ರಾಜ್ಯಗಳಲ್ಲಿ ಕೆಲಸ ಮಾಡುತ್ತಿದೆ ಎಂದಾಯಿತು.

ಸದ್ಯದ ದೊಡ್ಡ ಒತ್ತಡ ಬೇರೆ ದಿಕ್ಕಿನಿಂದ ಬಂದಿದೆ. 2023ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಕಾಲೇಜು ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸಬಾರದು ಎಂದಿತು. ಆಮೇಲೆ ಅಟ್ಲಾಂಟಾದ ಫಿಯರ್‌ಲೆಸ್ ಫಂಡ್ ಎಂಬ ಸಂಸ್ಥೆ ಕಪ್ಪು ಮಹಿಳಾ ಉದ್ಯಮಿಗಳಿಗೆ ಕೊಡುತ್ತಿದ್ದ 20,000 ಡಾಲರ್ ಅನುದಾನದ ಮೇಲೆ ಮೊಕದ್ದಮೆ ಬಿತ್ತು. 2024ರ ಸೆಪ್ಟೆಂಬರ್‌ನಲ್ಲಿ ರಾಜಿಯಾಗಿ ಆ ಅನುದಾನವನ್ನೇ ನಿಲ್ಲಿಸಬೇಕಾಯಿತು. 2025ರ ಜನವರಿಯಲ್ಲಿ ಟ್ರಂಪ್ ಸರ್ಕಾರ, ಅವಕಾಶ ಸಿಗದೆ ಉಳಿದ ಜನಾಂಗದವರನ್ನೂ ಹೆಂಗಸರನ್ನೂ ಒಳಗೊಳ್ಳಲೆಂದು ಸರ್ಕಾರಿ ಇಲಾಖೆಗಳಲ್ಲಿದ್ದ ವೈವಿಧ್ಯ ಕಾರ್ಯಕ್ರಮಗಳನ್ನು ಮುಚ್ಚುವ ಆದೇಶ ಹೊರಡಿಸಿತು. ಇದರ ಸರಪಳಿ ಹೀಗೆ ಸಾಗಬಹುದು. ಕಂಪನಿಗಳು ಕಪ್ಪು ಮಹಿಳೆಯರ ಹೆಸರಿನ ಕಾರ್ಯಕ್ರಮಕ್ಕೆ ಹಣ ಕೊಡಲು ಹಿಂಜರಿಯುತ್ತವೆ. ಹೊರಗಿನ ಹಣ ಕಡಿಮೆಯಾದರೆ ಸೇವೆಯ ಭಾರ ಚಂದಾದ ಮೇಲೆ ಬೀಳುತ್ತದೆ. ಚಂದಾ ಏರಿದರೆ ಕಡಿಮೆ ಸಂಬಳದವರು ಇನ್ನಷ್ಟು ದೂರ ಉಳಿಯುತ್ತಾರೆ. ವರ್ಗದ ಟೀಕೆಗೆ ಮತ್ತಷ್ಟು ಬಲ ಬರುತ್ತದೆ.

ಇದನ್ನು ಎದುರಿಸಲು ಸ್ವಂತ ಹಣದ ಗಂಟು ಕಟ್ಟಿಕೊಳ್ಳುವ ಪ್ರಯತ್ನ ಮೊದಲೇ ಶುರುವಾಗಿದೆ. ಆಲ್ಫಾ ಕಪ್ಪಾ ಆಲ್ಫಾ ಕೆಲವು ವರ್ಷಗಳಿಂದ ಸೆಪ್ಟೆಂಬರ್‌ನಲ್ಲಿ 24 ಗಂಟೆಯೊಳಗೆ 10 ಲಕ್ಷ ಡಾಲರ್ ಕೂಡಿಸಿ ಕಪ್ಪು ಜನರ ಹಳೆಯ ವಿದ್ಯಾಸಂಸ್ಥೆಗಳಿಗೆ ಕೊಡುವ ಅಭಿಯಾನ ನಡೆಸುತ್ತಿದೆ. ಸದಸ್ಯೆಯರಿಗಾಗಿ ಒಂದು ಸಹಕಾರಿ ಸಾಲ ಸಂಸ್ಥೆಯನ್ನೂ ತೆರೆದಿದೆ.

ಎಲ್ಲಕ್ಕಿಂತ ಕುತೂಹಲದ ಹೆಜ್ಜೆ 2024ರ ಆಗಸ್ಟ್‌ನಲ್ಲಿ ಇಟ್ಟದ್ದು. ಆಗ ಆಲ್ಫಾ ಕಪ್ಪಾ ಆಲ್ಫಾ ಚುನಾವಣಾ ಆಯೋಗದಲ್ಲಿ ಒಂದು ರಾಜಕೀಯ ನಿಧಿ ಸಮಿತಿಯನ್ನು ನೋಂದಾಯಿಸಿತು. ಹೆಸರಿನಲ್ಲಿ ಇಲ್ಲೂ 1908 ಇದೆ. ಸದಸ್ಯೆಯರಿಂದ ಹಣ ಕೂಡಿಸಿ ಅಭ್ಯರ್ಥಿಗಳಿಗೆ ನೇರವಾಗಿ ಕೊಡಲು ಇಂಥ ಸಮಿತಿಗೆ ಅವಕಾಶ ಇದೆ. 1938ರ ಕಚೇರಿ ಕಾನೂನಿಗಾಗಿ ಒತ್ತಾಯಿಸಿತ್ತು, ವ್ಯಕ್ತಿಗಳ ಕಡೆ ಬೆರಳು ತೋರಿಸಿರಲಿಲ್ಲ. ಇಲ್ಲಿ ಚೆಕ್ಕಿನ ಮೇಲೆ ಒಂದು ಹೆಸರು ಬರೆಯಲೇಬೇಕು. ಆ ಹೆಸರು ಆಯೋಗದ ದಾಖಲೆಯಲ್ಲಿ ಎಲ್ಲರಿಗೂ ಕಾಣುತ್ತದೆ. ನಾಳೆ ಟೆಕ್ಸಾಸ್‌ನಲ್ಲೋ ಜಾರ್ಜಿಯಾದಲ್ಲೋ ಸಂಘದ ಸದಸ್ಯೆಯೊಬ್ಬರು ರಿಪಬ್ಲಿಕನ್ ಟಿಕೆಟ್ ಮೇಲೆ ನಿಂತು, ನಾನೂ ನಿಮ್ಮ ಸೊರೊರ್, ನನಗೂ ಕೊಡಿ ಎಂದು ಅರ್ಜಿ ಹಾಕಬಹುದು. ಅದನ್ನು ಹೇಗೆ ತೀರ್ಮಾನಿಸಬೇಕು ಎನ್ನುವುದಕ್ಕೆ ಮುತ್ತಿನ ಸರ, ಗುಲಾಬಿ ಅಂಗಿಯಂಥ ಜಾಣ ದಾರಿ ಯಾವುದೂ ಸಿಗುವುದಿಲ್ಲ.